ಕ್ಲಿಫ್ ಪ್ಯಾಲೇಸ್ ಮಾಡೆಲ್, ಐದನೇ ವಾರ: ಮತ್ತೆ ಮೊದಲಿಂದ

ಹೋದ ಸಲ ಬರೆದಾಗ ಗವಿ ಮುಗಿದಿತ್ತು, ಗೋಡೆಗಳು ಏಳುತ್ತಿದ್ದವು. ಈ ಸಲ ಗವಿಯೇ ಇಲ್ಲ.

ಹೊಸದಾಗಿ ಓದುವವರಿಗೆ ಸ್ವಲ್ಪ ಹಿನ್ನೆಲೆ. ಅಮೆರಿಕದ ಕೊಲರಾಡೋದಲ್ಲಿ ಮೆಸಾ ವರ್ಡೆ ಅಂತ ಒಂದು ಜಾಗ ಇದೆ. ಅಲ್ಲಿ ಬಂಡೆಯ ಹೊಟ್ಟೆಯೊಳಗೆ ಕಲ್ಲಿನಲ್ಲಿ ಕಟ್ಟಿದ ಒಂದು ಊರೇ ಇದೆ, ಅದೇ ಕ್ಲಿಫ್ ಪ್ಯಾಲೇಸ್. ನನಗೆ ಇದರ ಹುಚ್ಚು ಹಿಡಿಸಿದ್ದು 'ದಿ ಎಕ್ಸ್-ಫೈಲ್ಸ್' ಧಾರಾವಾಹಿ. 1995ರ ಮೇ ತಿಂಗಳಲ್ಲಿ ಬಂದ ಎರಡನೇ ಸೀಸನ್ನಿನ ಕೊನೆಯ ಕಂತಿನ ಹೆಸರೇ 'ಅನಾಸಾಜಿ'. ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರ ಭಾಷೆಯಲ್ಲಿ ಬಚ್ಚಿಟ್ಟ ಸರ್ಕಾರಿ ಗುಟ್ಟು, ನ್ಯೂ ಮೆಕ್ಸಿಕೋದಲ್ಲಿ ಹೂತುಹೋದ ರೈಲ್ವೆ ಬೋಗಿ, ಅದರ ತುಂಬ ವಿಚಿತ್ರ ಹೆಣಗಳು. ನಡುವೆ ಒಬ್ಬ ನವಾಹೊ ಅಜ್ಜ ಕ್ಲಿಫ್ ಪ್ಯಾಲೇಸ್‌ನಂಥ ಊರು ಕಟ್ಟಿ ಮಾಯವಾದ ಅನಾಸಾಜಿ ಜನರ ಮಾತು ತೆಗೆಯುತ್ತಾನೆ. ಅವರನ್ನು ಬೇರೆ ಲೋಕದವರು ಎತ್ತಿಕೊಂಡು ಹೋದರು ಅನ್ನುವ ಹಾಗೆ ಸುಳಿವು ಕೊಡುತ್ತಾನೆ. ಹಾಗಾಗಿ ನನ್ನ ಮೊದಲ ಪ್ಲಾನ್ ಸರಳವಾಗಿತ್ತು. ಕೆಂಪು ಬಂಡೆ, ಕೆಳಗೆ ಖಾಲಿ ಊರು, ಮೇಲೆ ತಂತಿಯಲ್ಲಿ ನೇತಾಡುವ ಹಾರುವ ತಟ್ಟೆ, ಅದಕ್ಕೊಂದು ಎಲ್‌ಇಡಿ.

ಈಗ ಅನಾಹುತಕ್ಕೆ ಬರೋಣ. ಥರ್ಮಾಕೋಲ್ ಗವಿಗೆ ಕೆಂಪು ಸ್ಪ್ರೇ ಪೇಂಟ್ ಹೊಡೆದೆ. ಎರಡು ನಿಮಿಷಕ್ಕೆ ಇಡೀ ಬಂಡೆ ಕೆಂಡದ ಮೇಲಿಟ್ಟ ಹಪ್ಪಳದ ಹಾಗೆ ಮುದುರಿಕೊಂಡಿತು. ಸ್ಪ್ರೇ ಪೇಂಟಿನ ದ್ರಾವಕ ಥರ್ಮಾಕೋಲನ್ನು ಕರಗಿಸುತ್ತದೆ ಅಂತ ಗೊತ್ತಿತ್ತು. ಆದರೂ ಹೊಡೆದೆ. ಅಮ್ಮ ಬಂದು ನೋಡಿ, "ಗಣಪತಿ ಮಂಟಪ ಮಾಡ್ತಿದ್ದೀಯೇನೋ?" ಅಂದರು. ಹೂಂ ಅಂದುಬಿಟ್ಟೆ.

ಹೊಸ ಬಣ್ಣ ತರುವ ಮೊದಲು ಫೋಟೋಗಳನ್ನು ಸರಿಯಾಗಿ ನೋಡಿದೆ. ಮೆಸಾ ವರ್ಡೆಯ ಮರಳುಗಲ್ಲು ಕೆಂಪೇ ಅಲ್ಲ, ಗೋಧಿಹಿಟ್ಟಿಗೆ ಸ್ವಲ್ಪ ಅರಿಶಿನ ಬಿದ್ದ ಬಣ್ಣ. ಹಾಗಾದರೆ ಕೆಂಪು ನನ್ನ ತಲೆಗೆ ಎಲ್ಲಿಂದ ಬಂತು? ಧಾರಾವಾಹಿಯಿಂದಲೇ. ಅದರ ಚಿತ್ರೀಕರಣ ನಡೆದದ್ದು ಕೆನಡಾದ ವ್ಯಾಂಕೂವರ್ ಕಡೆ. ನ್ಯೂ ಮೆಕ್ಸಿಕೋ ಹಾಗೆ ಕಾಣಲಿ ಅಂತ ಅಲ್ಲಿನ ಒಂದು ಕಲ್ಲುಕ್ವಾರಿಗೆ ಸುಮಾರು 1,600 ಗ್ಯಾಲನ್ ಕೆಂಪು ಬಣ್ಣ ಬಳಿದಿದ್ದರು. ನಾನು ಆ ಬಣ್ಣ ಬಳಿದ ಕ್ವಾರಿಯ ಮಾಡೆಲ್ ಮಾಡುತ್ತಿದ್ದೆ, ಅಷ್ಟೇ.

ಈ ಸಲ 1:100 ಅಳತೆ. ನಿಜವಾದ ಗವಿ ಸುಮಾರು 65 ಮೀಟರ್ ಅಗಲ, 27 ಮೀಟರ್ ಆಳ, 18 ಮೀಟರ್ ಎತ್ತರ. ಅಂದರೆ ನನ್ನ ಮೇಜಿಗೆ 65 ಸೆಂಟಿಮೀಟರ್ ಅಗಲದ ಗವಿ. ಥರ್ಮಾಕೋಲ್ ಬಿಟ್ಟು ಪೇಪರ್ ಮಾಷೆಗೆ ಬಂದೆ. ಹಳೆಯ ಲೆಕ್ಕ ಹಿಡಿದು 217 ಕೋಣೆ ಬರೆದುಕೊಂಡಿದ್ದೆ. ಈಚಿನ ಸರ್ವೆ ಪ್ರಕಾರ 150 ಕೋಣೆ, 23 ಕಿವಾ, ಅಂದರೆ ನೆಲದೊಳಗಿನ ದುಂಡನೆಯ ಕೋಣೆ. 67 ಕೋಣೆ ಉಳಿಯಿತು, ಬೆರಳುಗಳಿಗೆ ಪುಣ್ಯ.

ಗೋಡೆ ಬೇಗ ಆಗುತ್ತದೆ, ಜೇಡಿಮಣ್ಣಿಗೆ ಸ್ವಲ್ಪ ಬೂದಿ, ಫೆವಿಕಾಲ್. ಕ್ಲಿಫ್ ಪ್ಯಾಲೇಸ್ ಕಟ್ಟಿದವರೂ ಮಣ್ಣು, ನೀರು, ಬೂದಿ ಕಲಸಿಯೇ ಗಾರೆ ಮಾಡುತ್ತಿದ್ದರು. ಕಷ್ಟ ಕೊಟ್ಟದ್ದು ಕಿವಾ. ಈ ದುಂಡು ಕೋಣೆ ಪೂಜೆಗೂ ಸಭೆಗೂ. ಅದರ ಚಾವಣಿಯೇ ಮೇಲಿನವರಿಗೆ ಅಂಗಳ. ನಡುವೆ ಒಂದು ಕಿಂಡಿ, ಅದರಲ್ಲಿ ಏಣಿ. ಒಳಗೆ ಒಲೆ, ಗಾಳಿ ಬರಲು ಕೊಳವೆ, ಗಾಳಿ ನೇರ ಬೆಂಕಿಗೆ ಹೊಡೆಯದಂತೆ ಅಡ್ಡ ಒಂದು ಚಪ್ಪಡಿ. ನೆಲದಲ್ಲಿ 'ಸಿಪಾಪು' ಅನ್ನುವ ಪುಟ್ಟ ತೂತು. ಮನುಷ್ಯರು ಭೂಮಿಯ ಒಳಗಿನಿಂದ ಮೇಲೆ ಬಂದರು ಎಂಬ ಕಥೆಯ ಗುರುತು ಅದು. ಸೂಜಿಯಲ್ಲಿ ಆ ತೂತು ಚುಚ್ಚುವಾಗ ನಗು ಬಂತು. ಟೀವಿಯವರು ಇವರ ಕಥೆಯನ್ನು ಆಕಾಶಕ್ಕೆ ಕಟ್ಟಿದರು, ಇವರು ನೋಡಿದರೆ ನೆಲ ತೋರಿಸುತ್ತಾರೆ!

ನನ್ನ ಮೊದಲ ಮಾಡೆಲ್‌ನ ದೊಡ್ಡ ತಪ್ಪು ಈಗ ಗೊತ್ತಾಯಿತು. ಗವಿಯ ಮೇಲೆ ಏನೂ ಇರಲಿಲ್ಲ. ನಿಜದಲ್ಲಿ ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ ಬೆಳೆಯುತ್ತಿದ್ದದ್ದು ಮೇಲಿನ ಬಯಲಿನಲ್ಲಿ. ಬಂಡೆಯಲ್ಲಿ ಕೈಗೂ ಕಾಲಿಗೂ ಗುಳಿ ಕಡಿದು ಹತ್ತಿ ಇಳಿಯುತ್ತಿದ್ದರು. ನಾನು ಹೊಲವನ್ನೂ ಮಾಡಿರಲಿಲ್ಲ, ಗುಳಿಗಳನ್ನೂ ಮಾಡಿರಲಿಲ್ಲ. ಹಾಗೆ ಕಟ್ಟಿಟ್ಟರೆ ಒಳಗಿದ್ದವರು ಹಾರುವ ತಟ್ಟೆ ಬಿಟ್ಟು ಇನ್ನು ಹೇಗೆ ಹೊರಗೆ ಹೋಗಬೇಕು ಹೇಳಿ?

ಅವರು ನಡೆದುಕೊಂಡೇ ಹೋದರು. ಮರದ ಉಂಗುರಗಳು ಹೇಳುವಂತೆ 1276ರಿಂದ 1299ರವರೆಗೆ ದೊಡ್ಡ ಬರ. ಜೊತೆಗೆ ಜಗಳ, ಹೊಡೆದಾಟ. 1300ರ ಹೊತ್ತಿಗೆ ಊರು ಖಾಲಿ. ದಕ್ಷಿಣಕ್ಕೆ, ರಿಯೋ ಗ್ರ್ಯಾಂಡ್ ನದಿಯ ಕಡೆಗೆ ಹೋದರು. ಇವತ್ತಿನ ಹೋಪಿ, ಝೂನಿ, ಅಕೋಮ ಮತ್ತು ಇತರ ಪ್ವೆಬ್ಲೊ ಅನ್ನುವ ಮೂಲನಿವಾಸಿ ಜನ ಅವರ ಮೊಮ್ಮಕ್ಕಳು. 'ಅನಾಸಾಜಿ' ನವಾಹೊ ಮಾತು, ಅದರಲ್ಲಿ 'ಶತ್ರುಗಳ ಪೂರ್ವಿಕರು' ಅನ್ನುವ ಅರ್ಥವೂ ಇದೆ. ಪ್ವೆಬ್ಲೊ ಜನರಿಗೆ ಅದು ಇಷ್ಟವಿಲ್ಲ. ಹೋಪಿಗಳು 'ಹಿಸತ್ಸಿನೊಮ್' ಅನ್ನುತ್ತಾರೆ. ನಾನೂ ಮಾಡೆಲ್‌ನ ಹೆಸರಿನ ಚೀಟಿ ಬದಲಾಯಿಸಿದೆ.

ಸದ್ಯದ ಸ್ಥಿತಿ: 62 ಕೋಣೆ, 9 ಕಿವಾ. ಪೊರಕೆಕಡ್ಡಿ ಏಣಿಗಳಲ್ಲಿ ಎರಡು ಮುರಿದವು. ತಟ್ಟೆಗೆ ತಂದಿದ್ದ ಎಲ್‌ಇಡಿ ಒಂದು ಕಿವಾದ ಒಲೆಗೆ ಹೋಯಿತು, ಸುಮ್ನೆ ಬಿಸಾಡೋಕೆ ಮನಸ್ಸು ಬರಲಿಲ್ಲ.

ಮುಂದಿನ ವಾರ ಟರ್ಕಿ ಕೋಳಿಗಳು. ಇವು ಇರಲೇಬೇಕು. ಅವರು ಟರ್ಕಿ ಸಾಕಿ ಅದರ ಪುಕ್ಕದಲ್ಲಿ ಕಂಬಳಿ ನೇಯುತ್ತಿದ್ದರು. 2017ರಲ್ಲಿ ಬಂದ ಡಿಎನ್‌ಎ ಅಧ್ಯಯನದ ಪ್ರಕಾರ, 1280ರ ನಂತರ ರಿಯೋ ಗ್ರ್ಯಾಂಡ್‌ನ ಉತ್ತರ ಭಾಗದ ಟರ್ಕಿಗಳು ಮೆಸಾ ವರ್ಡೆ ಟರ್ಕಿಗಳನ್ನು ಹೋಲುತ್ತವೆ. ಕೋಳಿಗಳನ್ನೂ ಜೊತೆಗೇ ಕರೆದುಕೊಂಡು ಹೋಗಿದ್ದಾರೆ ಅಂತಾಯಿತಲ್ವಾ?

ನನ್ನ ಅಳತೆಗೆ ಒಂದೊಂದು ಕೋಳಿ ಸೆಂಟಿಮೀಟರಿಗಿಂತ ಚಿಕ್ಕದು. ಮಣ್ಣಲ್ಲಿ ಮಾಡಿದೆ, ಉಂಡೆ ಆಯಿತು. ಕೊನೆಗೆ ಅಡುಗೆಮನೆಯಲ್ಲಿ ಸಿಕ್ಕಿದ್ದು ಕಪ್ಪು ಕಡಲೆ. ಅದಕ್ಕೆ ಕೊಕ್ಕು ಹುಟ್ಟಿನಿಂದಲೇ ಇದೆ. ಕಾಲು ಅಂಟಿಸುವುದೊಂದು ಬಾಕಿ.