ಲಂಡನ್ ಮುಗಿಯಿತೇ? ಲಿಂಕನ್‌ಷೈರ್‌ಗೆ ಹೊರಡಿ: ರಾತ್ರಿ ಬಾಂಬರ್‌ಗಳ ನಾಡಿನಲ್ಲಿ

ಲಂಡನ್ನಿನ ನೆಂಟರ ಮನೆಗೆ ಹೋದ ನಮ್ಮವರಲ್ಲಿ ವಿಮಾನದ ಹುಚ್ಚಿರುವವರು ಹೆಂಡನ್‌ನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂ ನೋಡಿಯೇ ಬರುತ್ತಾರೆ. ಪ್ರವೇಶ ಉಚಿತ, ಕಾಲಿಂಡೇಲ್ ಟ್ಯೂಬ್ ನಿಲ್ದಾಣದಿಂದ ನಡೆದೇ ಹೋಗಬಹುದು. ಅಲ್ಲಿರುವ ಎರಡನೇ ಮಹಾಯುದ್ಧದ ಬ್ರಿಟಿಷ್ ಲ್ಯಾಂಕಾಸ್ಟರ್ ಬಾಂಬರ್‌ನ ಮೂತಿಯ ಮೇಲೆ ದಾಳಿಗೊಂದರಂತೆ ಬರೆದ ಪುಟ್ಟ ಬಾಂಬುಗಳ ಸಾಲು ನೂರನ್ನು ದಾಟಿದೆ. ಭಾರತೀಯ ವಾಯುಪಡೆ 1974ರಲ್ಲಿ ಕೊಟ್ಟ ಅಮೆರಿಕನ್ ಬಾಂಬರ್ ಲಿಬರೇಟರ್ ಕೂಡ ಈ ಮ್ಯೂಸಿಯಂನ ಸಂಗ್ರಹದಲ್ಲಿದೆ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಗುಜರಿಯಂತೆ ಬಿದ್ದಿದ್ದ ಆ ಜಾತಿಯ ವಿಮಾನಗಳಿಗೆ ಮರುಜೀವ ಕೊಟ್ಟವರು ಬೆಂಗಳೂರಿನ ಎಚ್‌ಎಎಲ್‌ನವರು. ಇಷ್ಟೆಲ್ಲ ಇದ್ದರೂ ಹೆಂಡನ್‌ನಲ್ಲಿ ವಿಮಾನವನ್ನು ಹೊರಗಿನಿಂದ ನೋಡುತ್ತೀರಿ, ಅಷ್ಟೇ. ಜರ್ಮನಿಯ ಮೇಲಿನ ರಾತ್ರಿ ದಾಳಿ ಹೇಗಿತ್ತೆಂದು ತಿಳಿಯಬೇಕಾದರೆ ಅದರೊಳಗೆ ಬಗ್ಗಿ ನುಗ್ಗಬೇಕು. ಅದಕ್ಕೆ ಲಿಂಕನ್‌ಷೈರ್‌ಗೆ ಹೋಗಬೇಕು.

ಕಿಂಗ್ಸ್ ಕ್ರಾಸ್‌ನಿಂದ ಲಿಂಕನ್‌ಗೆ ಸುಮಾರು ಎರಡು ಗಂಟೆಯ ರೈಲು ಪ್ರಯಾಣ. ನೇರ ರೈಲು ಸಿಗದಿದ್ದರೆ ನ್ಯೂವಾರ್ಕ್‌ನಲ್ಲಿ ಬದಲಿಸಿ. ಊರಿನ ದಕ್ಷಿಣಕ್ಕೆ ಕ್ಯಾನ್‌ವಿಕ್ ಗುಡ್ಡದ ಮೇಲೆ ಅಂತರರಾಷ್ಟ್ರೀಯ ಬಾಂಬರ್ ಕಮಾಂಡ್ ಕೇಂದ್ರವಿದೆ. ಬಾಂಬರ್ ಕಮಾಂಡ್ ಎಂದರೆ ಬ್ರಿಟಿಷ್ ವಾಯುಪಡೆಯ ಬಾಂಬ್ ದಾಳಿಯ ವಿಭಾಗ. ಏರು ದಾರಿ, ವಯಸ್ಸಾದವರು ಜೊತೆಗಿದ್ದರೆ ಟ್ಯಾಕ್ಸಿಯೇ ವಾಸಿ. ಅಲ್ಲಿನ ಉಕ್ಕಿನ ಸ್ತಂಭದ ಎತ್ತರ 31 ಮೀಟರ್‌ಗಿಂತ ತುಸು ಹೆಚ್ಚು, ಅಂದರೆ ಲ್ಯಾಂಕಾಸ್ಟರ್‌ನ ರೆಕ್ಕೆಗಳ ತುದಿಯಿಂದ ತುದಿಗೆ ಇರುವಷ್ಟು ಅಗಲ. ಸುತ್ತ ತುಕ್ಕಿನ ಬಣ್ಣದ ಗೋಡೆಗಳಲ್ಲಿ ಸುಮಾರು 58 ಸಾವಿರ ಹೆಸರುಗಳು. ಬಾಂಬರ್ ಕಮಾಂಡ್‌ನಲ್ಲಿ ಹಾರಿದ ಸುಮಾರು 1,25,000 ಮಂದಿಯಲ್ಲಿ 55,573 ಮಂದಿ ಸತ್ತರು. ಈ ಗೋಡೆಗಳಲ್ಲಿ ನೆಲದ ಮೇಲೆ ದುಡಿದು ಸತ್ತವರ ಹೆಸರುಗಳೂ ಸೇರಿವೆ. ಅಕ್ಷರಗಳನ್ನು ಉಕ್ಕಿನಲ್ಲಿ ಆರಪಾರ ಕೊರೆದಿದ್ದಾರೆ. ಬಿಸಿಲು ಹಿಂದಿನಿಂದ ಬಿದ್ದಾಗ ಹೆಸರುಗಳೇ ಬೆಳಗುತ್ತವೆ, ಮೋಡವಿದ್ದರೆ ಹತ್ತಿರ ನಿಂತು ಓದಬೇಕು. ನಿರ್ದಿಷ್ಟ ಹೆಸರನ್ನು ಹುಡುಕುವವರು ಕೇಂದ್ರದ ಜಾಲತಾಣದಲ್ಲಿ ಫಲಕದ ಸಂಖ್ಯೆಯನ್ನು ಮೊದಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಮಧ್ಯಾಹ್ನವೆಲ್ಲ ಅದಕ್ಕೇ ಹೋಗುತ್ತದೆ.

ಇದೇ ಲಿಂಕನ್‌ಷೈರ್‌ನ ಹಳ್ಳಿ ಈಸ್ಟ್ ಕರ್ಕ್‌ಬಿಗೆ ಮಾತ್ರ ಕಾರು ಬೇಕೇ ಬೇಕು. ಬಸ್ಸನ್ನು ನಂಬಿಕೊಂಡರೆ ದಿನ ಕೆಟ್ಟಂತೆಯೇ. ಪ್ರವಾಸಿಗರು ಭಾರತದ ಚಾಲನಾ ಪರವಾನಗಿಯಲ್ಲೇ ಓಡಿಸಬಹುದು, ರಸ್ತೆಯೂ ನಮ್ಮ ಹಾಗೆ ಎಡಬದಿಯದ್ದೇ. ಇಲ್ಲಿನ ವಾಯುಯಾನ ಪರಂಪರೆ ಕೇಂದ್ರವನ್ನು ಕಟ್ಟಿದವರು ರೈತರಾದ ಪ್ಯಾಂಟನ್ ಸಹೋದರರು, ಫ್ರೆಡ್ ಮತ್ತು ಹೆರಾಲ್ಡ್. ಅವರ ಅಣ್ಣ ಕ್ರಿಸ್ಟೋಫರ್, ಹ್ಯಾಲಿಫ್ಯಾಕ್ಸ್ ಬಾಂಬರ್‌ನ ಎಂಜಿನಿಯರ್, 1944ರ ಮಾರ್ಚ್ 30ರ ರಾತ್ರಿ ನ್ಯೂರೆಂಬರ್ಗ್ ದಾಳಿಗೆ ಹೋದವನು ಮರಳಲಿಲ್ಲ. ಆ ರಾತ್ರಿ ಹೊರಟ 795 ವಿಮಾನಗಳಲ್ಲಿ 95 ನಾಶವಾದವು. ಬೆಳದಿಂಗಳು ಬೇರೆ ಇತ್ತು, ಜರ್ಮನ್ ರಾತ್ರಿ ಫೈಟರ್‌ಗಳಿಗೆ ಹುಡುಕುವ ಕಷ್ಟವೇ ಇರಲಿಲ್ಲ.

ಅವರ ‘ಜಸ್ಟ್ ಜೇನ್’ ಲ್ಯಾಂಕಾಸ್ಟರ್ ಹಾರುವುದಿಲ್ಲ, ನಾಲ್ಕು ಮರ್ಲಿನ್ ಎಂಜಿನ್‌ಗಳನ್ನು ಹಚ್ಚಿ ಮೈದಾನದಲ್ಲಿ ಓಡುತ್ತದೆ. ಒಳಗೆ ಕೂರುವ ಟಿಕೆಟ್ ದುಬಾರಿ, ತಿಂಗಳುಗಳ ಮೊದಲೇ ಮುಗಿದುಹೋಗುತ್ತದೆ. ಸಿಕ್ಕದಿದ್ದರೆ ಬೇಸರ ಬೇಡ, ಓಟದ ದಿನ ಬೇಲಿಯ ಬಳಿ ನಿಂತರೂ ಎದೆ ನಡುಗುತ್ತದೆ. ಚಳಿಗಾಲದಲ್ಲಿ ವಿಮಾನವನ್ನು ಬಿಚ್ಚಿಹಾಕಿ ದುರಸ್ತಿ ಮಾಡುತ್ತಾರೆ, ಆಗ ಹೋಗಬೇಡಿ. ಭಾನುವಾರ ರಜೆ.

ಒಳಗೆ ಹೋಗುವ ಅವಕಾಶ ಸಿಕ್ಕರೆ ಸೀರೆ, ಉದ್ದನೆಯ ದುಪಟ್ಟಾ ಬೇಡ. ಬಾಲದ ಬಳಿಯ ಪುಟ್ಟ ಬಾಗಿಲಿನಿಂದ ಹತ್ತಿ ಮುಂದೆ ಸಾಗಿದರೆ ರೆಕ್ಕೆಯ ಮುಖ್ಯ ತೊಲೆ ದಾರಿಗೆ ಅಡ್ಡವಾಗಿ ನಿಂತಿದೆ. ಹಗಲಿನಲ್ಲಿ, ನಿಂತ ವಿಮಾನದಲ್ಲಿ, ಅದನ್ನು ದಾಟುವಾಗಲೇ ಮೊಣಕಾಲು ಜಜ್ಜಿಕೊಳ್ಳುತ್ತದೆ. ಉರಿಯುತ್ತಾ ಬೀಳುವ ವಿಮಾನದಲ್ಲಿ, ಕತ್ತಲಲ್ಲಿ, ದಪ್ಪ ಉಡುಪು ತೊಟ್ಟ ಹುಡುಗರು ಅದನ್ನು ದಾಟಬೇಕಿತ್ತು. ಮುಂದಕ್ಕಿಂತ ಹಿಂದಕ್ಕೆ ಹೆಚ್ಚು ಹೊತ್ತು ನೋಡಿ ಎನ್ನುವುದು ನನ್ನ ಸಲಹೆ. ಎಲ್ಲರೂ ಪೈಲಟ್‌ನ ಆಸನಕ್ಕೆ ಮುಗಿಬೀಳುತ್ತಾರೆ. ಏಳು ಜನರ ತಂಡದಲ್ಲಿ ಮುಂಭಾಗದ ಐವರಿಗೆ ಪರಸ್ಪರ ಸಾಮೀಪ್ಯವಾದರೂ ಇತ್ತು, ಬಾಲದ ತುದಿಯ ಗನ್ನರ್ ಮಾತ್ರ ಗಂಟೆಗಟ್ಟಲೆ ಒಬ್ಬನೇ ಕೊರೆಯುವ ಚಳಿಯಲ್ಲಿ ಬೆನ್ನು ತಿರುಗಿಸಿ ಕೂರುತ್ತಿದ್ದ. ಗಾಜಿನಂಥ ಪರ್ಸ್ಪೆಕ್ಸ್ ಹಾಳೆಯ ಮೇಲಿನ ಒಂದು ಚುಕ್ಕೆಯೂ ದೂರದ ಶತ್ರು ವಿಮಾನದಂತೆ ಕಾಣುತ್ತದೆಂದು ಕೆಲವರು ಎದುರಿನ ಹಾಳೆಯನ್ನೇ ತೆಗೆಸಿ ಆ ಗಾಳಿಗೆ ಮುಖವೊಡ್ಡಿದರು. ಪ್ಯಾರಾಚೂಟ್ ಇಡಲೂ ಅವನ ಗೂಡಿನಲ್ಲಿ ಜಾಗವಿರಲಿಲ್ಲ. ಅದು ಹಿಂಬದಿಯ ಬಾಗಿಲಿನಾಚೆ ಇರುತ್ತಿತ್ತು. ಸೇವೆಯ ಒಂದು ಸರದಿ ಮುಗಿಯಲು ಇಂಥ 30 ದಾಳಿಗಳು.

ಸಮಯವಿದ್ದರೆ ಇದೇ ಜಿಲ್ಲೆಯ ಕಾನಿಂಗ್ಸ್‌ಬಿ ವಾಯುನೆಲೆಯಲ್ಲಿ ಇಂದಿಗೂ ಹಾರುವ ಲ್ಯಾಂಕಾಸ್ಟರ್ ಇದೆ. ಬೇಸಿಗೆಯಲ್ಲಿ ಅದು ಪ್ರದರ್ಶನಗಳಿಗೆ ಹೊರಗೆ ಹೋಗಿರಬಹುದು, ವಿಚಾರಿಸಿಯೇ ಹೊರಡಿ.

ಇಷ್ಟು ನೋಡಿ ಮುಗಿಸಿದರೆ ಕಥೆ ಅರ್ಧವೇ. ಕೈಯಲ್ಲಿ ಇನ್ನೆರಡು ದಿನವಿದ್ದರೆ ಹ್ಯಾಂಬರ್ಗ್ ಸೇರಿಸಿಕೊಳ್ಳಿ. ಅಲ್ಲಿನ ಸೇಂಟ್ ನಿಕೊಲಾಯ್ ಚರ್ಚಿನ ಗೋಪುರವನ್ನು ಬಾಂಬರ್‌ಗಳು ಗುರುತಾಗಿ ಬಳಸಿದ್ದವು. ಚರ್ಚು ಪಾಳುಬಿತ್ತು, ಗೋಪುರ ಉಳಿಯಿತು. 1943ರ ಜುಲೈ ಕೊನೆಯ ದಾಳಿಗಳಲ್ಲಿ, ಮುಖ್ಯವಾಗಿ 27ರ ರಾತ್ರಿ ಎದ್ದ ಬೆಂಕಿಯ ಬಿರುಗಾಳಿಯಲ್ಲಿ, ಆ ನಗರದ 30 ಸಾವಿರಕ್ಕೂ ಹೆಚ್ಚು ಜನ ಸತ್ತರು. ನೆಲಮಾಳಿಗೆಯ ಮ್ಯೂಸಿಯಂ ನೋಡಿದ ಮೇಲೆ ಲಿಫ್ಟ್‌ನಲ್ಲಿ 76 ಮೀಟರ್ ಎತ್ತರಕ್ಕೆ ಹೋಗಿ ಊರನ್ನು ನೋಡಬಹುದು. ಬ್ರಿಟನ್ನಿನ ವೀಸಾ ಜರ್ಮನಿಗೆ ನಡೆಯುವುದಿಲ್ಲ. ಷೆಂಗೆನ್ ವೀಸಾಕ್ಕೆ ಊರು ಬಿಡುವ ಮೊದಲೇ ಅರ್ಜಿ ಹಾಕಿ.