ಶಾಲೆಯೇ ಬಿದ್ದುಹೋಗಿದೆ, ಇನ್ನೇನನ್ನು ದಾಖಲಿಸುತ್ತೀರಿ?

ಮುಚ್ಚಿಹೋದ ಏಕೋಪಾಧ್ಯಾಯ ಶಾಲೆಗಳ ವಿವರಗಳನ್ನು ಸಂಗ್ರಹಿಸುತ್ತೇನೆಂದು ತಿಳಿದವರೆಲ್ಲ ಕೇಳುವುದು ಇದನ್ನೇ: ಮಾಡು ಕುಸಿದು, ಮಣ್ಣಿನ ಗೋಡೆ ಕರಗಿ, ಅಂಗಳದ ತುಂಬ ಲಂಟಾನ ಬೆಳೆದಿರುವಾಗ ದಾಖಲಿಸಲು ಉಳಿದಿರುವುದಾದರೂ ಏನು? ಕಟ್ಟಡವನ್ನೇ ಶಾಲೆ ಎಂದುಕೊಂಡರೆ ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ನಮ್ಮ ಹಳ್ಳಿಗಳ ಎಷ್ಟೋ ಶಾಲೆಗಳು ಸ್ವಂತ ಕೋಣೆ ಸಿಗುವ ಮೊದಲು ದೇವಸ್ಥಾನದ ಪೌಳಿಯಲ್ಲಿ, ಚಾವಡಿಯಲ್ಲಿ, ಯಾರದೋ ಮನೆಯ ಜಗಲಿಯ ಮೇಲೆ ನಡೆದಂಥವು. ಆದ್ದರಿಂದ ಊರಿಗೆ ಹೋದಾಗ ನಾನು ಮೊದಲು ವಿಚಾರಿಸುವುದು ದಾಖಲಾತಿ ಪುಸ್ತಕ ಎಲ್ಲಿದೆ ಎಂದು.

ಜನ್ಮದಿನಾಂಕಕ್ಕೋ ಜಾತಿ ಪ್ರಮಾಣಪತ್ರಕ್ಕೋ ಹಳೆಯ ವಿದ್ಯಾರ್ಥಿಗಳು ಇಂದಿಗೂ ಬರುವುದರಿಂದ ಅದು ಸಾಮಾನ್ಯವಾಗಿ ಪಕ್ಕದೂರಿನ ಶಾಲೆಯ ಬೀರುವಿನಲ್ಲಿ ಸಿಗುತ್ತದೆ. ಜನ್ಮದಿನಾಂಕದ ಅಂಕಣದಲ್ಲಿ ಸಾಲುಸಾಲಾಗಿ ಜೂನ್ 1 ಎಂದಿರುತ್ತದೆ. ಮಗುವಿನ ಕೈಯನ್ನು ತಲೆಯ ಮೇಲಿಂದ ಬಳಸಿ ಆಚೆ ಬದಿಯ ಕಿವಿ ಮುಟ್ಟಿಸಿ ವಯಸ್ಸು ಗೊತ್ತುಮಾಡಿದ ಮೇಷ್ಟ್ರು, ಶಾಲೆ ಆರಂಭವಾಗುವ ತಿಂಗಳಿಗೆ ಹೊಂದಿಸಿ ಬರೆದ ಹುಟ್ಟುಹಬ್ಬಗಳವು. ಇದು ನಗುವ ವಿಷಯವಾದರೆ, ಶಾಲೆ ಬಿಟ್ಟ ದಿನಾಂಕ ಮತ್ತು ಕಾರಣದ ಅಂಕಣಗಳು ಹಾಗಲ್ಲ. ಹೆಣ್ಣುಮಕ್ಕಳು ಯಾವ ತರಗತಿಗೆ ನಿಂತುಹೋದರು, ಬಿತ್ತನೆಯ ಕಾಲದಲ್ಲಿ ಎಷ್ಟು ಹೆಸರುಗಳು ಕಳೆದುಹೋದವು, ಯಾವ ಕೇರಿಯಿಂದ ಮೊದಲ ಮಗು ಯಾವ ವರ್ಷ ಬಂತು ಎಂಬುದನ್ನೆಲ್ಲ ಇಲ್ಲಿಂದಲೇ ತಿಳಿಯಬೇಕು. ಆ ಮಗುವನ್ನು ಒಳಗೆ ಕೂರಿಸಿದರೋ ಜಗಲಿಯಲ್ಲೋ ಎಂಬುದನ್ನು ಮಾತ್ರ ಪುಸ್ತಕ ಹೇಳುವುದಿಲ್ಲ, ಆ ಕೇರಿಯ ಹಿರಿಯರನ್ನೇ ಕೇಳಬೇಕು. ಜೀವಂತವಿರುವವರ ಜಾತಿ, ತಂದೆಯ ಹೆಸರು ಎಲ್ಲವೂ ಅದರಲ್ಲಿರುವುದರಿಂದ ಪುಟಗಳ ಫೋಟೋ ತೆಗೆದು ಹಂಚುವುದನ್ನು ನಾನು ಒಪ್ಪುವುದಿಲ್ಲ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಲೆಕ್ಕವನ್ನಷ್ಟೇ ಬರೆದುಕೊಂಡರೆ ಸಾಕು.

ಪುಸ್ತಕಕ್ಕಿಂತ ಬೇಗ ಕಳೆದುಹೋಗುವುದು ಒಬ್ಬರೇ ಮೇಷ್ಟ್ರು ನಾಲ್ಕು ತರಗತಿಗಳನ್ನು ಒಂದೇ ಕೋಣೆಯಲ್ಲಿ ಹೇಗೆ ನಡೆಸಿದರು ಎಂಬ ವಿವರ. ಒಂದು ಮೂಲೆಯಲ್ಲಿ ಕಾಪಿ ಬರಹ, ಇನ್ನೊಂದರಲ್ಲಿ ಲೆಕ್ಕ, ನಾಲ್ಕನೆಯ ತರಗತಿಯ ಹುಡುಗಿಯ ಬಾಯಲ್ಲಿ ಒಂದನೆಯವರಿಗೆ ಮಗ್ಗಿ, ಶನಿವಾರ ಇದ್ದಿಲ ಪುಡಿಗೆ ತೊಂಡೆ ಸೊಪ್ಪಿನ ರಸ ಬೆರೆಸಿ ಕಪ್ಪು ಹಲಗೆ ಬಳಿಯುವ ಕೆಲಸ. ಇದು ಬಡತನದ ಅನಿವಾರ್ಯ ಏರ್ಪಾಡು ಮಾತ್ರ ಎಂದು ತಳ್ಳಿಹಾಕುವವರು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದ್ರಾಸ್ ಸರ್ಕಾರಕ್ಕೆ ಕಳುಹಿಸಿದ ವರದಿಯನ್ನು ನೋಡಬೇಕು. ಜಿಲ್ಲೆಯ 533 ಶಾಲೆಗಳಲ್ಲಿ 6,641 ಮಕ್ಕಳನ್ನು, ಅಂದರೆ ಶಾಲೆಗೆ ಸುಮಾರು ಹನ್ನೆರಡು ಮಕ್ಕಳನ್ನು ಲೆಕ್ಕಕ್ಕೆ ತೆಗೆದುಕೊಂಡ ಆತ, ಅಲ್ಲಿನ ಪಾಠಗಳ ಬಗ್ಗೆ ಕಟುವಾಗಿ ಬರೆದರೂ, ಕಲಿಕೆಯಲ್ಲಿ ಮುಂದಿರುವ ಮಕ್ಕಳಿಂದ ಹಿಂದಿರುವವರಿಗೆ ಕಲಿಸುವ ಕ್ರಮವನ್ನು ಮಾತ್ರ ಮೆಚ್ಚಿಕೊಂಡು, ಇಂಗ್ಲೆಂಡಿನಲ್ಲಿ ಅದನ್ನು ಅನುಸರಿಸಿದ್ದು ಯೋಗ್ಯವೇ ಎಂದಿದ್ದಾನೆ.

1987ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಯೋಜನೆ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಪ್ರತಿ ಪ್ರಾಥಮಿಕ ಶಾಲೆಗೂ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು ಇರಬೇಕೆಂದಿತು. ಅದು ಬೇಕಾಗಿಯೇ ಇತ್ತು. ಮೇಷ್ಟ್ರಿಗೆ ಜ್ವರ ಬಂದರೆ ಶಾಲೆಗೇ ರಜೆಯಾಗುವ ವ್ಯವಸ್ಥೆಯನ್ನು ನಾನು ಹೊಗಳಲಾರೆ. ಆದರೆ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಎಂಬ ಬೋಧನಾ ಕ್ರಮ, ಆಂಧ್ರದ ರಿಷಿವ್ಯಾಲಿ ಶಾಲೆಯ ಮಾದರಿಯಿಂದ ಪ್ರೇರಣೆ ಪಡೆದು, ಬೇರೆ ಬೇರೆ ಹಂತದ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವ ಬಗೆಯನ್ನೇ ಕಲಿಕೆಯ ಕಾರ್ಡುಗಳ ಮೂಲಕ ಮತ್ತೆ ಕಟ್ಟಬೇಕಾಯಿತು. ಅದೇ ಕೆಲಸವನ್ನು ಕಾರ್ಡುಗಳಿಲ್ಲದೆ ಮೂವತ್ತು ವರ್ಷ ಮಾಡಿದ ನಿವೃತ್ತ ಶಿಕ್ಷಕರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ‘ನಿಮ್ಮ ಕಾಲದಲ್ಲಿ ಶಾಲೆ ಹೇಗಿತ್ತು ಸಾರ್’ ಎಂದು ಕೇಳಿದರೆ ಭಾಷಣ ಸಿಗುತ್ತದೆ. ‘ಎರಡನೆಯ ತರಗತಿಯವರನ್ನು ಯಾವ ಗೋಡೆಯ ಕಡೆ ಕೂರಿಸುತ್ತಿದ್ದಿರಿ, ಏಕೆ’ ಎಂದು ಕೇಳಿದರೆ ಕಾಗದ ತೆಗೆದುಕೊಂಡು ಕೋಣೆಯ ನಕ್ಷೆ ಬರೆದು ತೋರಿಸುತ್ತಾರೆ.

ಕಟ್ಟಡವನ್ನು ನಾನು ಕೊನೆಗೆ ನೋಡುತ್ತೇನೆ, ಅದೂ ಸ್ವಲ್ಪ ಅನುಮಾನದಿಂದ. ಬಿದ್ದ ಮಂಗಳೂರು ಹೆಂಚಿನ ಮೇಲೆ 1865 ಎಂಬ ಅಚ್ಚು ಕಂಡು ಶಾಲೆಯೇ ಅಷ್ಟು ಹಳೆಯದೆಂದು ಊರವರು ಹೆಮ್ಮೆಪಡುವುದುಂಟು. ಅದು ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ವರ್ಷ. ಕಟ್ಟಡದ ವಯಸ್ಸು ತಿಳಿಯಲು ಇನ್ಸ್‌ಪೆಕ್ಟರರು ಟಿಪ್ಪಣಿ ಬರೆಯುತ್ತಿದ್ದ ಭೇಟಿ ಪುಸ್ತಕವೇ ಹೆಚ್ಚು ನಂಬಿಕೆಗೆ ಅರ್ಹ, ಏಕೆಂದರೆ ಮಾಡು ಸೋರುತ್ತಿದೆ ಎಂಬ ದೂರನ್ನು ಅವರು ತಾರೀಖು ಹಾಕಿಯೇ ಬರೆಯುತ್ತಿದ್ದರು.