ರಕ್ತ ಬರದ ವಸಡು

ಕೇಸ್ ಶೀಟ್‌ನಲ್ಲಿ ನನ್ನದೇ ಅಕ್ಷರ. ‘ವಸಡು ಪಿಂಕ್, ಫರ್ಮ್. ಬ್ಲೀಡಿಂಗ್ ಇಲ್ಲ.’ ಕೆಳಗೆ ನನ್ನದೇ ಸಹಿ, 2022ರ ಆಗಸ್ಟ್. ಆ ಸಾಲನ್ನು ಮತ್ತೆ ಓದಿದ್ದು 2024ರ ಜನವರಿಯಲ್ಲಿ, ಅದೇ ಪೇಷೆಂಟ್ ಮತ್ತೆ ಚೇರ್‌ನಲ್ಲಿ ಕೂತಿದ್ದಾಗ. ಈಗಲೂ ಅದು ನೆನಪಾದರೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ನಾನು ದಾವಣಗೆರೆಯ ಒಂದು ಕ್ಲಿನಿಕ್‌ನಲ್ಲಿ ಹಲ್ಲಿನ ಡಾಕ್ಟರ್. ಆ ಪೇಷೆಂಟ್ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವರು, ನಲವತ್ತರ ಆಸುಪಾಸು. ದಿನಕ್ಕೆ ಒಂದು ಕಟ್ಟು ಬೀಡಿ. ಮೊದಲ ಸಲ ಬಂದಿದ್ದು ಕೆಳದವಡೆಯ ಹುಳುಕು ಹಲ್ಲಿಗೆ. ಐಓಪಿಎ, ಅಂದರೆ ಹಲ್ಲಿನ ಸಣ್ಣ ಎಕ್ಸ್‌ರೇ ತೆಗೆದೆ, ಫಿಲ್ಲಿಂಗ್ ಮಾಡಿದೆ, ಜೊತೆಗೆ ಸ್ಕೇಲಿಂಗ್, ಅಂದರೆ ಹಲ್ಲು ಕ್ಲೀನಿಂಗ್ ಕೂಡ ಮಾಡಿದೆ. ಹಲ್ಲಿನ ಮೇಲೆ ಕಂದು ಕಲೆ ಬೇಕಾದಷ್ಟಿತ್ತು. ವಸಡಿಗೆ ಮಾತ್ರ ಊತ ಇಲ್ಲ, ಕೆಂಪಿಲ್ಲ. ಸ್ಕೇಲರ್ ಟಿಪ್ ತಗುಲಿದರೂ ಒಂದು ಹನಿ ರಕ್ತ ಇಲ್ಲ. ‘ವಸಡು ಚೆನ್ನಾಗಿದೆ ಅಣ್ಣ, ಬೀಡಿ ಒಂದು ಬಿಟ್ಟುಬಿಡಿ’ ಅಂದೆ. ಒಳ್ಳೆ ಸುದ್ದಿ ಹೇಳಿದ ಖುಷಿ ನನಗೂ ಇತ್ತು.

ದಿನವಿಡೀ ರಕ್ತ ಒಸರುವ ವಸಡು ನೋಡುವವರ ಕಣ್ಣು ರಕ್ತವನ್ನೇ ಹುಡುಕುತ್ತದೆ. ಕಾಲೇಜಲ್ಲಿ ಕಲಿತಿದ್ದೂ ಅದನ್ನೇ ಅಲ್ವಾ. 1965ರಲ್ಲಿ ಡೆನ್ಮಾರ್ಕ್‌ನಲ್ಲಿ ಹ್ಯಾರಲ್ಡ್ ಲೋ ಮತ್ತು ಜೊತೆಗಾರರು ಆರೋಗ್ಯವಾಗಿದ್ದ 12 ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿ ಕಾದು ನೋಡಿದರು. ಎರಡು ಮೂರು ವಾರದೊಳಗೆ ಎಲ್ಲರ ವಸಡೂ ಕೆರಳಿತು. ಉಜ್ಜೋಕೆ ಶುರು ಮಾಡಿದ ಮೇಲೆ ಸುಮಾರು ಒಂದು ವಾರಕ್ಕೆ ಸರಿಹೋಯಿತು. ಈ ಪಾಠ ಹಲ್ಲಿನ ಡಾಕ್ಟರ್‌ಗಳಿಗೆಲ್ಲ ಬಾಯಿಪಾಠ. ಪಾಚಿ ಕಟ್ಟಿದರೆ ವಸಡು ಕೆಂಪಾಗುತ್ತದೆ, ರಕ್ತ ಬರುತ್ತದೆ, ತೆಗೆದರೆ ವಾಸಿಯಾಗುತ್ತದೆ. ಆದರೆ ಬೀಡಿ ಸೇದುವವರ ವಸಡು ಹಾಗೆ ನಡೆದುಕೊಳ್ಳುವುದಿಲ್ಲ. ರೋಗ ಒಳಗೆ ನಡೆದಿರುತ್ತದೆ, ವಸಡು ಮೇಲೆ ದಪ್ಪಗೆ, ಗಟ್ಟಿಯಾಗಿ, ತಣ್ಣಗೆ ಕಾಣುತ್ತದೆ. ನೋವೂ ಇರುವುದಿಲ್ಲ. ಇದನ್ನೂ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆ ದಿನ ನೆನಪಾಗಲಿಲ್ಲ.

ಎರಡನೇ ಸಲ ಬಂದಾಗ ಅವರು ಹೇಳಿದ್ದು ಇಷ್ಟೇ: ‘ರೊಟ್ಟಿ ಕಡಿದ್ರೆ ಮುಂದಿನ ಹಲ್ಲು ಅಳ್ಳಾಡ್ತದೆ ಮೇಡಂ. ಮೇಲಿಂದು ಒಂದು ದವಡೆ ಹಲ್ಲೂ ಹಂಗೇ ಅನ್ನಿಸ್ತದೆ.’ ಬಾಯಿ ತೆರೆಸಿದೆ. ವಸಡು ಅದೇ ಹಳೇ ಬಣ್ಣ. ನಮ್ಮಲ್ಲಿ ಹಲ್ಲಿಗೊಂದು ನಂಬರ್. 31, ಕೆಳಗಿನ ಮುಂದಿನ ಹಲ್ಲು, ಬೆರಳಿಗೆ ಸಿಕ್ಕ ತಕ್ಷಣ ಹಿಂದೆ ಮುಂದೆ ವಾಲಿತು. 26, ಮೇಲಿನ ಎಡಗಡೆ ದವಡೆ ಹಲ್ಲು, ಒತ್ತಿದರೆ ಒಳಗೇ ಕುಸಿಯುತ್ತಿತ್ತು. ಗ್ರೇಡ್ ತ್ರೀ, ಹಲ್ಲು ಸಡಿಲಾಗೋದರಲ್ಲಿ ಕೊನೆಯ ಹಂತ.

ಪೆರಿಯೋ ಪ್ರೋಬ್ ಕೇಳಿದೆ. ಟ್ರೇಯಲ್ಲಿ ಇರಲಿಲ್ಲ. ನಮ್ಮಲ್ಲಿ ಪಿಎಂಟಿ ಸೆಟ್ ಅಂತ ಇಡುತ್ತಾರೆ, ಪ್ರೋಬ್, ಮಿರರ್, ಟ್ವೀಜರ್. ಆ ಪ್ರೋಬ್ ಹುಳುಕು ನೋಡೋ ಚೂಪು ಕಡ್ಡಿ. ವಸಡಿನ ಆಳ ಅಳೆಯೋ ಪ್ರೋಬ್ ಬೇರೆ, ತುದಿ ಮೊಂಡು, ಮೈಮೇಲೆ ಮಿಲಿಮೀಟರ್ ಗುರುತು. ಇಡೀ ಕ್ಲಿನಿಕ್‌ಗೆ ಅದು ಒಂದೇ ಇತ್ತು, ಸರ್ಜಿಕಲ್ ಡ್ರಾಯರ್‌ನ ತಳದಲ್ಲಿ. ನಮ್ಮ ಅಸಿಸ್ಟೆಂಟ್ ಹುಡುಗಿ ಹುಡುಕಿ, ಆಟೋಕ್ಲೇವ್‌ನಲ್ಲಿ ಕ್ರಿಮಿ ಕಳೆದು ತರುವಷ್ಟರಲ್ಲಿ ಮುಕ್ಕಾಲು ಗಂಟೆ ಆಯಿತು. ಅಷ್ಟು ಹೊತ್ತು ಅವರು ಹೊರಗೆ ಸುಮ್ನೆ ಕೂತಿದ್ದರು.

ಅಳೆಯಲು ಶುರು ಮಾಡಿದೆ. ಒಂದು ಹಲ್ಲಿಗೆ ಆರು ಕಡೆ. ನಾನು ಮಿಲಿಮೀಟರ್ ಹೇಳುವುದು, ಹುಡುಗಿ ಬರೆಯುವುದು. 16 ಅಂದರೆ ಮೇಲಿನ ಬಲಗಡೆ ದವಡೆ ಹಲ್ಲು, ಬಕಲ್ ಅಂದರೆ ಕೆನ್ನೆಯ ಕಡೆ, ಪ್ಯಾಲೇಟಲ್ ಅಂದರೆ ಅಂಗುಳಿನ ಕಡೆ. ‘16 ಬಕಲ್, ಮೂರು, ಎರಡು, ನಾಲ್ಕು.’ ಪರವಾಗಿಲ್ಲ ಅನ್ನಿಸಿತು. ‘ಪ್ಯಾಲೇಟಲ್, ಏಳು...’ ಅಲ್ಲಿ ನನ್ನ ಕೈ ನಿಂತಿತು. ಪ್ರೋಬ್ ಹಿಡಿಯೋದು ತುಂಬಾ ಹಗುರವಾಗಿ, 25 ಗ್ರಾಂ ಭಾರ ಇಟ್ಟಷ್ಟು. ತಡೆ ಸಿಕ್ಕಲ್ಲಿ ನಿಲ್ಲಬೇಕು. ಆರೋಗ್ಯವಾಗಿರುವ ವಸಡಲ್ಲಿ ಎರಡು ಮೂರು ಮಿಲಿಮೀಟರ್‌ಗೇ ಅದು ನಿಲ್ಲುತ್ತದೆ. 26ರ ಅಂಗುಳಿನ ಕಡೆ ಇಳಿಸಿದೆ. ಮೊದಲ ಕಪ್ಪು ಪಟ್ಟಿ ಮುಳುಗಿತು. ನಾನೇನೂ ಒತ್ತಿರಲಿಲ್ಲ. ಅದು ಇಳಿಯುತ್ತಲೇ ಹೋಯಿತು. ಎರಡನೇ ಕಪ್ಪು ಪಟ್ಟಿಯ ಅಂಚು ವಸಡಿಗೆ ಬಂದು ನಿಂತಿತು. ಹೊರಗಿನಿಂದ ನೋಡಿದರೆ ನಸುಗೆಂಪು ವಸಡು, ಒಳಗೆ ಒಂಬತ್ತು ಮಿಲಿಮೀಟರ್ ಟೊಳ್ಳು.

‘ಒಂಬತ್ತು’ ಅಂದೆ. ಹುಡುಗಿ ಪೆನ್ ಎತ್ತಿ ‘ಒಂಬತ್ತಾ ಮೇಡಂ?’ ಅಂದಳು. ಹೌದು, ಬರಿ ಅಂದೆ. ಪ್ರೋಬ್ ಹೊರಗೆ ತೆಗೆದೆ. ತುದಿಯಲ್ಲಿ ರಕ್ತ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ವಸಡಿನ ಅಂಚಿನಿಂದ ಒಂದು ಚೂರು ಕೀವು ಬಂತು. ಉಳಿದ ಹಲ್ಲುಗಳನ್ನು ಅಳೆದು ಮುಗಿಸುವಷ್ಟರಲ್ಲಿ ಗ್ಲೌಸ್ ಒಳಗೆ ಕೈ ಬೆವತಿತ್ತು.

ಆಮೇಲೆ ಕಂಪ್ಯೂಟರ್‌ನಲ್ಲಿ 2022ರ ಐಓಪಿಎ ತೆರೆದೆ. ಇದನ್ನು ಬರೆಯೋದೇ ಕಷ್ಟ. ಅದರಲ್ಲಿ ಎಲ್ಲಾ ಇತ್ತು. ಮೂಳೆಯ ಅಂಚು ಹಲ್ಲಿನ ಕತ್ತಿನಿಂದ ಎರಡು ಮಿಲಿಮೀಟರ್ ಒಳಗೆ ಇರಬೇಕು. ಇಲ್ಲಿ ಎರಡು ದವಡೆ ಹಲ್ಲುಗಳ ನಡುವೆ ಬೇರಿನ ಮೂರನೇ ಒಂದು ಭಾಗದವರೆಗೆ ಇಳಿದಿತ್ತು. ಹುಳುಕು ಎಷ್ಟು ಆಳ ಇದೆ ಅಂತ ನೋಡಲು ತೆಗೆಸಿದ ಎಕ್ಸ್‌ರೇ. ಹುಳುಕು ನೋಡಿದೆ, ಮುಚ್ಚಿದೆ. ಅದರ ಪಕ್ಕದ ಒಂದು ಬೆರಳು ಜಾಗವನ್ನು ನೋಡಲೇ ಇಲ್ಲ.

ಅವರಿಗೆ ಹೇಳಬೇಕಿತ್ತು. ಎರಡು ಹಲ್ಲು ಉಳಿಯಲ್ಲ, ಉಳಿದವಕ್ಕೆ ಡೀಪ್ ಕ್ಲೀನಿಂಗ್ ಬೇಕು, ಹೋದ ಮೂಳೆ ಕ್ಲೀನ್ ಮಾಡಿದ್ರೂ ವಾಪಸ್ ಬರಲ್ಲ ಅಂದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು: ‘ಹೋದ ಸಲ ಚೆನ್ನಾಗದೆ ಅಂದಿದ್ರಲ್ಲ ಮೇಡಂ?’

ಬಾಯಿಗೆ ಬಂದ ಮೊದಲ ಉತ್ತರ, ನಡುವೆ ಒಂದೂವರೆ ವರ್ಷ ನೀವೇ ಬರಲಿಲ್ಲವಲ್ಲ ಅನ್ನೋದು. ಅದು ಸುಳ್ಳೇನಲ್ಲ. ಆದರೆ ಎಕ್ಸ್‌ರೇ ಕಣ್ಣ ಮುಂದೆಯೇ ಇತ್ತು. ಸ್ಕ್ರೀನ್ ಅವರ ಕಡೆ ತಿರುಗಿಸಿದೆ. ‘ಅಣ್ಣ, ಅವತ್ತೇ ಶುರುವಾಗಿತ್ತು. ನಾನು ಅಳೆದು ನೋಡಬೇಕಿತ್ತು. ನೋಡಲಿಲ್ಲ, ತಪ್ಪು ನಂದು’ ಅಂದೆ. ಅವರು ತುಂಬಾ ಹೊತ್ತು ಸ್ಕ್ರೀನ್ ನೋಡಿದರು. ಬೈಯಲಿಲ್ಲ. ‘ಈಗ ಎಷ್ಟು ಉಳೀತದೆ ಹೇಳ್ರಿ’ ಅಂದರು.

26 ಮತ್ತು 31 ತೆಗೆದೆ. ಶುಗರ್ ಮಾಡಿಸಿದೆ, ನಾರ್ಮಲ್ ಇತ್ತು. ಶುಗರ್ ಇದ್ದರೆ ವಸಡಿನ ರೋಗ ಜೋರಾಗುತ್ತದೆ, ವಸಡು ಕೆಟ್ಟರೆ ಶುಗರ್ ಹತೋಟಿಗೆ ಬರೋದು ಕಷ್ಟ. ಅದಕ್ಕೇ ಈಗ ಇಂಥ ಬಾಯಿ ಕಂಡರೆ ಮೊದಲು ಅದನ್ನೇ ಕೇಳುತ್ತೇನೆ. ಉಳಿದಿದ್ದಕ್ಕೆ ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು ನಾಲ್ಕು ಸಿಟ್ಟಿಂಗ್‌ನಲ್ಲಿ ರೂಟ್ ಪ್ಲೇನಿಂಗ್, ಅಂದರೆ ವಸಡಿನೊಳಗೆ ಬೇರನ್ನು ಕೆರೆದು ಕ್ಲೀನ್ ಮಾಡಿದೆ. ಗ್ರೇಸಿ ಕ್ಯುರೆಟ್ ಅನ್ನೋ ಕೆರೆಯೋ ಸಾಧನದಲ್ಲಿ ಬೇರಿನ ಮೇಲಿಂದ ಬಂದಿದ್ದು ಕಪ್ಪು ಗಾರೆ, ಕಲ್ಲಿನ ಹಾಗೆ ಗಟ್ಟಿ. ಮೇಲುಮೇಲಿನ ಸ್ಕೇಲಿಂಗ್‌ಗೆ ಅದು ಸಿಗೋದೇ ಇಲ್ಲ.

ಹಲ್ಲಿನ ನಡುವೆ ಸಂದಿ ಕಾಣುತ್ತೆ, ತಣ್ಣೀರು ಜುಂ ಅನ್ನಿಸುತ್ತೆ ಅಂತ ಮೊದಲೇ ಹೇಳಿದ್ದೆ. ‘ಕ್ಲೀನ್ ಮಾಡಿಸಿದ್ಮೇಲೆ ಹಲ್ಲು ಸಡಿಲ ಆಯ್ತು’ ಅನ್ನೋ ಮಾತು ಊರೆಲ್ಲ ಇದೆ. ಜನ ಸುಳ್ಳು ಹೇಳುತ್ತಿಲ್ಲ. ಆ ಸಂದಿಯಲ್ಲಿ ವಸಡು, ಮೂಳೆ ಹೋಗಿ ಎಷ್ಟೋ ಕಾಲ ಆಗಿರುತ್ತದೆ, ಗಾರೆ ಅದನ್ನು ತುಂಬಿಕೊಂಡಿರುತ್ತದೆ. ತೆಗೆದ ದಿನ ಖಾಲಿ ಜಾಗ ಕಾಣುತ್ತದೆ. ಊತ ಇಳಿದು ವಸಡೂ ಸ್ವಲ್ಪ ಕೆಳಗಿಳಿಯುತ್ತದೆ. ಇದನ್ನು ಮುಂಚೆ ಹೇಳಿದರೆ ವಿವರಣೆ, ಆಮೇಲೆ ಹೇಳಿದರೆ ನೆಪ.

ಎಂಟು ವಾರ ಬಿಟ್ಟು ಮತ್ತೆ ಅಳೆದೆ. ಜಾಸ್ತಿ ಕಡೆ ನಾಲ್ಕಕ್ಕೆ ಬಂದಿತ್ತು. 16ರ ಒಳಭಾಗದಲ್ಲಿ ಎರಡು ಕಡೆ ಆರರಲ್ಲೇ ನಿಂತಿತ್ತು. ಅದನ್ನು ಫ್ಲ್ಯಾಪ್‌ಗೆ, ಅಂದರೆ ವಸಡು ಬಿಡಿಸಿ ಒಳಗೆ ಕ್ಲೀನ್ ಮಾಡೋ ಆಪರೇಷನ್‌ಗೆ, ಪೆರಿಯೋಡಾಂಟಿಸ್ಟ್ ಅನ್ನೋ ವಸಡಿನ ಸ್ಪೆಷಲಿಸ್ಟ್ ಹತ್ತಿರ ಕಳಿಸಿದೆ. ಈ ಎರಡು ಯಾಕೆ ಇಳಿಯಲಿಲ್ಲ ಅಂತ ಪೇಷೆಂಟೇ ಕೇಳಿದರು. ಬೇರು ಕವಲೊಡೆಯೋ ಜಾಗ, ಅಲ್ಲಿ ಕೈ ಹೋಗೋದು ಕಷ್ಟ, ಜೊತೆಗೆ ಬೀಡಿ ಸೇದೋರಿಗೆ ವಾಸಿಯಾಗೋದೂ ಕಡಿಮೆ ಅಂದೆ. ಬೀಡಿ ಬಿಡಿ ಅಂತ 2022ರಲ್ಲೂ ಹೇಳಿದ್ದೆ, ಬಾಯಿಮಾತಿಗೆ. ಈ ಸಲ ಚಾರ್ಟ್ ಕೈಗೆ ಕೊಟ್ಟು, ಆ ಎರಡು ಅಂಕಿಗೆ ಸುತ್ತು ಹಾಕಿ, ಕೆಳಗೆ 1800-11-2356 ಬರೆದೆ. ತಂಬಾಕು ಬಿಡಿಸೋ ಉಚಿತ ಸಹಾಯವಾಣಿ.

ಮ್ಯಾನೇಜ್‌ಮೆಂಟ್ ಹತ್ತಿರ ನಾನು ಕೇಳಿದ್ದು ಎರಡೇ. ಪ್ರತಿ ಟ್ರೇಗೂ ಒಂದು ಪೆರಿಯೋ ಪ್ರೋಬ್, ಹೊಸ ಪೇಷೆಂಟ್‌ಗೆ ಹತ್ತು ನಿಮಿಷ ಜಾಸ್ತಿ. ಪ್ರೋಬ್ ತಡವಾಗಿಯಾದರೂ ಬಂತು. ಹತ್ತು ನಿಮಿಷ ಇನ್ನೂ ಬಂದಿಲ್ಲ. ಸ್ಕೇಲಿಂಗ್‌ಗೆ ಇಪ್ಪತ್ತೇ ನಿಮಿಷ ಸ್ಲಾಟ್. ಸಾಫ್ಟ್‌ವೇರ್‌ನಲ್ಲಿ ಹುಳುಕಿಗೆ, ಕ್ಯಾಪ್‌ಗೆ, ಇಂಪ್ಲಾಂಟ್‌ಗೆ ಬಣ್ಣಬಣ್ಣದ ಚಾರ್ಟ್ ಇದೆ, ಆದರೆ ಪಾಕೆಟ್, ಅಂದರೆ ವಸಡಿನೊಳಗಿನ ಟೊಳ್ಳಿನ ಆಳ ಬರೆಯೋಕೆ ಒಂದು ಕಾಲಮ್ ಇಲ್ಲ. ನಾವು ಕಾಗದದಲ್ಲಿ ಬರೆದು, ಫೋಟೋ ತೆಗೆದು ಅಪ್‌ಲೋಡ್ ಮಾಡುತ್ತೇವೆ. ಈಗ ಬೀಡಿ, ಸಿಗರೇಟು ಅಂದವರಿಗೆಲ್ಲ ಸ್ಲಾಟ್ ಮೀರಿದರೂ ಸರಿ, ಪ್ರೋಬ್ ಇಳಿಸದೆ ಕಳಿಸುವುದಿಲ್ಲ. ಎಕ್ಸ್‌ರೇ ಬಂದರೆ ಮೊದಲು ಮೂಳೆ, ಆಮೇಲೆ ಹುಳುಕು.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಅವರ ಫೋನ್ ಬಂತು. ದನಿಯಲ್ಲಿ ಗಾಬರಿ. ‘ಮೇಡಂ, ಬೀಡಿ ಬಿಟ್ಟು ಮೂರು ವಾರ ಆತು. ಈಗ ಬ್ರಷ್ ಮಾಡಿದ್ರೆ ರಕ್ತ ಬರ್ತೈತ್ರಿ. ಇಷ್ಟು ವರ್ಷ ಬಂದಿರ್ಲಿಲ್ಲ. ಬಿಟ್ಟಿದ್ದೇ ತಪ್ಪಾತೇನು?’

ತಪ್ಪಾಗಿಲ್ಲ ಅಣ್ಣ, ಬೀಡಿ ಬಿಟ್ಟ ಹೊಸದರಲ್ಲಿ ಹೀಗಾಗೋದುಂಟು, ವಸಡಿಗೆ ರಕ್ತದ ಓಟ ವಾಪಸ್ ಬರ್ತಾ ಇದೆ, ಬ್ರಷ್ ನಿಲ್ಲಿಸಬೇಡಿ ಅಂದೆ. ಆದರೂ ಅದೇ ದಿನ ಸಂಜೆ ಬರಲು ಹೇಳಿದೆ. ಭಟ್ಟಿಯಿಂದ ನೇರ ಬಂದರು, ತಲೆಗೂದಲಲ್ಲಿ ಇನ್ನೂ ಬೂದಿ ಇತ್ತು. ಪ್ರೋಬ್ ಟ್ರೇಯಲ್ಲೇ ಇತ್ತು. 16ರ ಪಕ್ಕ ಇಳಿಸಿ ತೆಗೆದೆ. ತುದಿ ಹೋದ ಜಾಗದಲ್ಲಿ ಸಣ್ಣ ಕೆಂಪು ಹನಿ ಮೂಡಿತು.

‘ಬರ್ಕೋ, ಬ್ಲೀಡಿಂಗ್ ಇದೆ’ ಅಂದೆ.